ಕೀಲಿ ಯಾಕ ಹಾಕಿದಿ?

ಗಿರಣಿ ಸುಟ್ಟು ಮೂವತ್ತೊಂದು ವರ್ಷವಾಯಿತು. ಉಳಿದಿದ್ದ ಗೋಡೆಗಳನ್ನು ಅದೇ ಮಳೆಗಾಲದಲ್ಲಿ ಕೆಡವಿದರು. ಇಟ್ಟಿಗೆಗಳನ್ನು ಯಾರು ಯಾರೋ ಗಾಡಿ ಕಟ್ಟಿಕೊಂಡು ಬಂದು ಹೇರಿಕೊಂಡು ಹೋದರು. ಗಿರಣಿಯ ನೆರಳು ಮಾತ್ರ ಇವತ್ತಿಗೂ ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ಬೀಳುತ್ತದೆ, ಹೊತ್ತು ಮುಳುಗುವ ತನಕ ಬಯಲಿನುದ್ದಕ್ಕೂ ಬೆಳೆಯುತ್ತದೆ. ಹೊಸಬರು ಬಂದರೆ ತಲೆಯೆತ್ತಿ ಕಟ್ಟಡ ಹುಡುಕುತ್ತಾರೆ. ನಾವು ಹುಡುಕುವುದಿಲ್ಲ, ನೆರಳು ಕಂಡಲ್ಲಿ ಕೂರುತ್ತೇವೆ. ಬಸ್ಸಿನವರು ಬಸ್ಸನ್ನು ಅಲ್ಲೇ ನಿಲ್ಲಿಸುತ್ತಾರೆ, ಕಬ್ಬಿನ ಹಾಲಿನವನು ತನ್ನ ಗಾಣ ಅಲ್ಲೇ ತಿರುಗಿಸುತ್ತಾನೆ, ನನ್ನ ಮದುವೆಯ ಮಾತುಕತೆ ಆದದ್ದೂ ಅಲ್ಲೇ. ಮೋಡ ಕವಿದರೆ ನೆರಳು ಬೀಳುವುದಿಲ್ಲ. ಅಂಥ ದಿನ ಊರಿನ ಹೆಂಗಸರು ಕಾರಣವಿಲ್ಲದೆ ಸಿಡಿಮಿಡಿಗುಟ್ಟುತ್ತಾರೆ, ಗಂಡಸರು ಬಾಯಿ ಮುಚ್ಚಿಕೊಂಡು ಉಣ್ಣುತ್ತಾರೆ.

ಗಿರಣಿಗೆ ಇಪ್ಪತ್ತನಾಲ್ಕು ಕಿಟಕಿಗಳಿದ್ದವು, ಎಲ್ಲಕ್ಕೂ ಕಬ್ಬಿಣದ ಸರಳು. ಹಾಗಾಗಿ ನೆರಳಿನ ನಡುವೆ ಇಪ್ಪತ್ತನಾಲ್ಕು ಬಿಸಿಲಿನ ತುಂಡುಗಳು, ಸರಳಿನ ಗೆರೆಗಳ ಸಮೇತ, ಸಾಲಾಗಿ ಬೀಳುತ್ತವೆ. ಯಾವ ಕಿಟಕಿಯ ಹತ್ತಿರ ಯಾರ ಹೊಲಿಗೆ ಮಿಷನ್ ಇತ್ತೆಂಬುದು ಊರಿಗೆಲ್ಲ ಬಾಯಿಪಾಠ. ಬೇಸಿಗೆ ಬಂತೆಂದರೆ ಸತ್ತವರ ಮನೆಯ ಹೆಂಗಸರು ತಮ್ಮ ತಮ್ಮ ಕಿಟಕಿಯ ಬಿಸಿಲಿನಲ್ಲಿ ಬಿಳಿ ಪಂಚೆ ಹಾಸಿ ಹಪ್ಪಳ, ಸಂಡಿಗೆ, ಕುರಡಿಗೆ ಹಾಕುತ್ತಾರೆ. ಹಪ್ಪಳ ಬಿಸಿಲಲ್ಲಿ, ತಾವು ಪಕ್ಕದ ನೆರಳಲ್ಲಿ. ಕಾಗೆ ಓಡಿಸಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ. ಬಿಸಿಲು ಸರಿದಂತೆ ಪಂಚೆಯನ್ನೂ ಸರಿಸುತ್ತ ಸತ್ತವರ ಮಾತಾಡುತ್ತಾರೆ. ಅಳುವುದಿಲ್ಲ. ಯಾರ ಕೈ ಖಾರ, ಯಾರಿಗೆ ಯಾರ ಮೇಲೆ ಕಣ್ಣಿತ್ತು, ಯಾರು ಎಷ್ಟು ಜಗಳಗಂಟಿ, ಇಂಥವೇ ಮಾತು.

ನನ್ನ ದೊಡ್ಡವ್ವ ನೀಲಗಂಗವ್ವನದು ಏಳನೆಯ ಕಿಟಕಿ. ಅವಳ ಮಗಳು ಸಾವಂತ್ರಿ ಅಲ್ಲಿ ಕೂತು ಅಂಗಿಗೆ ಕಾಲರು ಹೊಲಿಯುತ್ತಿದ್ದಳು. ಹದಿನೇಳು ವರ್ಷ. ನನ್ನ ಕಿವಿ ಹಿಂಡಿ ಮಗ್ಗಿ ಕಲಿಸಿದ ಅಕ್ಕ ಅವಳು. ಅವಳದೊಂದು ಫೋಟೊ ಕೂಡ ಇಲ್ಲ. ಸಿಕ್ಕ ಹೆಣಗಳಲ್ಲಿ ಅವಳದು ಯಾವುದೆಂದೂ ತಿಳಿಯಲಿಲ್ಲ. ದೊಡ್ಡವ್ವನಿಗೆ ಮಗಳು ಅಂತ ಉಳಿದದ್ದು ಮೂರು ಮೊಳ ಉದ್ದ, ಎರಡು ಮೊಳ ಅಗಲದ ಆ ಬಿಸಿಲು ಮಾತ್ರ.

ಅದು ಯುದ್ಧದ ವರ್ಷ. ಗಿರಣಿಯಲ್ಲಿ ಸೈನಿಕರ ಅಂಗಿ ಹೊಲಿಯುತ್ತಿದ್ದರು. ಶನಿವಾರದೊಳಗೆ ಹತ್ತು ಸಾವಿರ ಅಂಗಿ ಬೇಕೇ ಬೇಕೆಂದು ರಾಜಧಾನಿಯಿಂದ ತಂತಿ ಬಂತು. ನೀರು ಕುಡಿಯಲು, ಕೂಸಿಗೆ ಹಾಲೂಡಿಸಲು ಹೆಂಗಸರು ಹೊರಗೆ ಬಂದರೆ ಕೆಲಸ ಹಿಂದೆ ಬೀಳುತ್ತದೆಂದು ಗಿರಣಿಯ ಸಾಹುಕಾರರು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದರು. ನಮ್ಮೂರಲ್ಲಿ ಬೀಗಕ್ಕೆ ಕೀಲಿ ಅನ್ನುತ್ತಾರೆ. ಕೀಲಿ ಹಾಕಿದವನು ಕಾವಲುಗಾರ ಫಕ್ಕೀರಪ್ಪ. ಹಾಕಿದ ಮೇಲೆ ಕೀಲಿಕೈಯನ್ನು ಸಾಹುಕಾರರ ಮನೆಗೆ ಒಪ್ಪಿಸಿ ಬರಬೇಕೆಂಬುದು ಅಲ್ಲಿನ ಪದ್ಧತಿ. ಒಪ್ಪಿಸಲು ಹೋದ. ತಿರುಗಿ ಬರುವಷ್ಟರಲ್ಲಿ ಬಟ್ಟೆಯ ರಾಶಿಗೆ ಬೆಂಕಿ ಹತ್ತಿ ಮಾಡು ಕುಸಿಯುತ್ತಿತ್ತು. ತೊಂಬತ್ತನಾಲ್ಕು ಜನ ಹೆಂಗಸರು. ಅವರಲ್ಲಿ ಫಕ್ಕೀರಪ್ಪನ ಹೆಂಡತಿ ಬಸಲಿಂಗವ್ವನೂ ಒಬ್ಬಳು. ಸಾಹುಕಾರರು ಆ ವಾರವೇ ಊರು ಬಿಟ್ಟರು, ಎಲ್ಲೋ ಹೋಗಿ ಹಾಸಿಗೆಯ ಮೇಲೆ ಸುಖವಾಗಿ ಸತ್ತರಂತೆ.

ಊರಿನವರು ಫಕ್ಕೀರಪ್ಪನನ್ನು ಹೊಡೆಯಲಿಲ್ಲ, ಓಡಿಸಲೂ ಇಲ್ಲ. ಅವನಿಗೆ ಒಂದು ಕೆಲಸ ಕೊಟ್ಟರು. ನೆರಳಿನಲ್ಲಿ ಗಿರಣಿಯ ಬಾಗಿಲೂ ಬೀಳುತ್ತದೆ: ಮುಚ್ಚಿದ ಎರಡು ಕದ, ನಡುವಿನ ಸಂದಿಯಲ್ಲಿ ಬೆರಳಗಲದ ಬಿಸಿಲಿನ ಗೆರೆ, ಆ ಗೆರೆಯನ್ನು ಕಡಿದು ಕೂತಿರುವ ಒಂದು ಕರಿಯ ಗಂಟು. ಆ ಗಂಟೇ ಕೀಲಿ. ಪ್ರತಿ ವರ್ಷ, ಬೆಂಕಿ ಬಿದ್ದ ದಿನ, ಫಕ್ಕೀರಪ್ಪ ಆ ಬಾಗಿಲಿನ ಪಕ್ಕ ನಿಲ್ಲಬೇಕು. ಒಂದೊಂದೇ ಮನೆಯವರು ಬಂದು ಕೇಳುತ್ತಾರೆ.

"ಕೀಲಿ ಯಾಕ ಹಾಕಿದಿ?"

"ಹಾಕು ಅಂದ್ರು, ಹಾಕಿದ್ನಿ."

ಅಷ್ಟೇ. ಕೇಳಿದವರು ಮುಂದೆ ಸರಿಯುತ್ತಾರೆ, ಹಿಂದಿನವರು ಬರುತ್ತಾರೆ. ಕೆಲವರು ಕೇಳಿ ಉಗುಳುತ್ತಾರೆ, ಕೆಲವರು ಕೇಳಿ ಕುಡಿಯಲು ನೀರು ಕೊಡುತ್ತಾರೆ. ಎಲ್ಲರದೂ ಮುಗಿದ ಮೇಲೆ ಅವನು ತನ್ನ ಹೆಂಡತಿಯ ಪರವಾಗಿ ತನ್ನನ್ನೇ ಕೇಳಿಕೊಂಡು ತಾನೇ ಉತ್ತರ ಹೇಳುತ್ತಾನೆ. ಆಮೇಲೆ ದೊಡ್ಡವ್ವ ಅವನನ್ನು ಮನೆಗೆ ಕರೆದು ಊಟಕ್ಕೆ ಹಾಕುತ್ತಾಳೆ. ಹಾರವಿಲ್ಲ, ಭಾಷಣವಿಲ್ಲ, ನಮ್ಮೂರಿನ ಸ್ಮರಣೆ ಇಷ್ಟೇ. ಇದರಲ್ಲಿ ಏನೋ ಕೊರತೆಯಿದೆಯೆಂದು ಮೂವತ್ತು ವರ್ಷ ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಕೊರತೆ ಕಂಡದ್ದು ರಾಜಧಾನಿಗೆ. ಅಲ್ಲಿ ರಾಷ್ಟ್ರೀಯ ಸ್ಮರಣ ಮಂಡಳಿ ಅಂತ ಒಂದು ಹುಟ್ಟಿಕೊಂಡಿತ್ತು. ದೇಶ ಯಾರನ್ನು ಯಾವ ತಾರೀಖಿಗೆ ಎಷ್ಟು ನಿಮಿಷ ನೆನೆಯಬೇಕೆಂದು ಗೊತ್ತುಮಾಡುವುದು ಅದರ ಕೆಲಸ. ಅಲ್ಲಿಂದ ಮಂದಾಕಿನಿ ಎಂಬ ಅಧಿಕಾರಿ ಬಂದರು. ಕೆಟ್ಟವರಲ್ಲ, ಕೆಟ್ಟವರೆಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ನೆರಳಿನ ಅಂಚಿಗೆ ಬಂದವರೇ ಚಪ್ಪಲಿ ಬಿಟ್ಟರು, ಕಣ್ಣು ತುಂಬಿಕೊಂಡರು. ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ಏಳನೆಯ ಕಿಟಕಿ, ಅದರ ತುಂಬ ಕುರಡಿಗೆ.

"ಏನಮ್ಮಾ ಇದು? ಹುತಾತ್ಮರಾದವರ ಮೇಲೆ ಸಂಡಿಗೆ ಒಣಗಿಸುತ್ತೀರಾ?"

"ಮ್ಯಾಲಲ್ರೀ ಬಾಯಾರ, ಬಾಜೂಕ," ಎಂದಳು ದೊಡ್ಡವ್ವ. "ಆಕಿ ಅಲ್ಲೇ ಕುಂತಾಳ. ನೀವು ಸ್ವಲ್ಪ ಈ ಕಡೆ ನಿಂದರ್ರಿ, ಬಿಸಲಿಗೆ ಅಡ್ಡ ಬಂದೀರಿ."

ಶಾಲೆಯ ಪಡಸಾಲೆಯಲ್ಲಿ ಸಭೆಯಾಯಿತು. ಬಯಲಿಗೆ ನುಣುಪಾದ ಕರಿಗಲ್ಲು ಹಾಸುತ್ತಾರಂತೆ, ನಡುವೆ ಕಂಬ ನಿಲ್ಲಿಸುತ್ತಾರಂತೆ, ಕಂಬದ ಮೇಲೆ ತೊಂಬತ್ತನಾಲ್ಕು ಹೆಸರು. ಹೆಸರಿನ ಮೇಲೆ ಬರೆಯುವ ಸಾಲನ್ನು ಮಂದಾಕಿನಿ ಮೇಡಂ ಓದಿದರು: ರಾಷ್ಟ್ರರಕ್ಷಣೆಯ ಕಾರ್ಯದಲ್ಲಿರುವಾಗ ಆಕಸ್ಮಿಕ ಅಗ್ನಿಯಲ್ಲಿ ಪ್ರಾಣಾರ್ಪಣೆ ಮಾಡಿದ ವೀರವನಿತೆಯರು.

"ಅರ್ಪಣಾ ಯಾರ ಮಾಡಿದ್ರು?" ದೊಡ್ಡವ್ವ ಕೂತಲ್ಲಿಂದಲೇ ಕೇಳಿದಳು. "ನನ್ನ ಮಗಳು ಸಂಜೀಕ ಮನೀಗೆ ಬರಾಕಿದ್ಲು. ಆಕಿ ಪಾಲಿನ ರೊಟ್ಟಿ ಮುಚ್ಚಿಟ್ಟಿದ್ನಿ ನಾ. ಕೊಡಾಕ ಹೋದಾಕಿ ಅಲ್ಲ, ಕಸಗೊಂಡಿದ್ದು. ಕೀಲಿ ಹಾಕಿ ಕಸಗೊಂಡಿದ್ದು. ಹಂಗ ಬರೀರಿ."

"ಬೀಗದ ಸಂಗತಿ ಬರೆದರೆ ದೇಶವೇ ತಲೆ ತಗ್ಗಿಸಬೇಕಾಗುತ್ತದೆ, ಅಮ್ಮಾ. ಸ್ಮಾರಕ ಅಂದರೆ ಜನ ತಲೆ ಎತ್ತಿ ನೋಡುವಂತಿರಬೇಕು."

"ತೆಲಿ ತಗ್ಗಿಸಿದ್ರನ ಅಲ್ಲೇನ್ರೀ ನೆರಳು ಕಾಣೂದು?"

ಮೇಡಂ ಅದನ್ನು ಬರೆದುಕೊಂಡರು. ಬರೆದುಕೊಂಡದ್ದಷ್ಟೇ, ಸಾಲು ಬದಲಾಗಲಿಲ್ಲ.

ಊರಿನವರೆಲ್ಲ ದೊಡ್ಡವ್ವನ ಹಿಂದೆ ನಿಂತರೆಂದು ಹೇಳಿದರೆ ಸುಳ್ಳಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹದಿನಾರನೆಯ ಕಿಟಕಿಯ ಹುಸೇನ್‌ಬಿ, ತಾಯಿಯನ್ನು ಕಳೆದುಕೊಂಡವಳು, ಎದ್ದು ನಿಂತು, "ಇಷ್ಟ ವರ್ಷ ಕೂಲಿ ಹೆಂಗಸ್ರು ಅಂದ್ರು. ಈಗ ವೀರರು ಅಂತಾರ. ಅನ್ಲಿ ಬಿಡಬೇ ನೀಲವ್ವಾ, ನಮ್ಮವ್ವನ ಹೆಸರು ಕಲ್ಲಿನ ಮ್ಯಾಲೆ ನೋಡಿ ಸಾಯ್ತೀನಿ," ಎಂದಳು. ಅವಳ ಮಾತು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ನಾನು ಯಾವ ಕಡೆ ಇದ್ದೆನೆಂದರೆ, ನನ್ನದು ಮೈಕ್‌ಸೆಟ್ಟು, ಶಾಮಿಯಾನದ ಧಂದೆ. ಉದ್ಘಾಟನೆಯ ಮೈಕಿನ ಕೆಲಸ ನನಗೇ ಅಂತ ಆಗಿತ್ತು. ಹಾಗಾಗಿ ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡವನಂತೆ ಸುಮ್ಮನೆ ಕೂತಿದ್ದೆ.

ಎಲ್ಲರಿಗಿಂತ ಹಿಗ್ಗಿದವನು ಫಕ್ಕೀರಪ್ಪ. ಎಪ್ಪತ್ತು ದಾಟಿದ ಮುದುಕ, ಮೊಣಕಾಲು ಊದಿಕೊಂಡು ನಿಲ್ಲಲಾಗುತ್ತಿರಲಿಲ್ಲ. ಅವನ ಮೊಮ್ಮಗಳಿಗೆ ಬಂದ ಎರಡು ಸಂಬಂಧ ಕೀಲಿಯ ಕಾರಣಕ್ಕೇ ಮುರಿದಿದ್ದವು. ಮರುದಿನ ಬೆಳಿಗ್ಗೆ ದೊಡ್ಡವ್ವನ ಕಟ್ಟೆಗೆ ಬಂದು ಕೂತ. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಯಕ್ಕಾ, ಆಕಸ್ಮಿಕ ಅಂತ ಬರೀತಾರಂತ. ನೀ ಒಪ್ಪಗೋ."

"ಆಕಸ್ಮಿಕ ಏನೋ ಫಕ್ಕೀರಾ?"

"ಅಲ್ಲ. ನನಗ ಗೊತ್ತಿಲ್ಲೇನು? ಮೂವತ್ತೊಂದ ವರ್ಷ ಉತ್ತರಾ ಕೊಟ್ಟೇನಿ. ನಾಲಿಗಿ ಸವದೈತಿ. ಇನ್ನ ಆ ಕಲ್ಲು ಉತ್ತರಾ ಕೊಡ್ಲಿ, ನಾ ಕುಂದರ್ತೀನಿ."

"ಕಲ್ಲು ಸುಳ್ಳು ಹೇಳ್ತೈತಲ್ಲೋ."

"ಹೇಳ್ಲಿ ಯಕ್ಕಾ. ಸುಳ್ಳು ಸತ್ತೋರಿಗೆ ಏನ ಮಾಡ್ತೈತಿ?"

ದೊಡ್ಡವ್ವನಿಗೆ ರೇಗಿತು. ರೇಗಿದರೆ ಅವಳು ಕೂಗುವುದಿಲ್ಲ, ಅದೇ ಭಯ. "ನೀ ಹಾಕಿದ ಕೀಲಿಗೆ ನಾ ಹೆಂಗರ ಮಾಡಿ ಹೊಂದಿಕೊಂಡೆ," ಎಂದಳು. "ಯಾಕಂದ್ರ ನೀ ಹಾಕಿದ್ನಿ ಅಂತಿ. ವರ್ಷಾ ಅಂತಿ. ಯಾರೂ ಹಾಕಿಲ್ಲ, ತಾನ ಬಿತ್ತು ಅಂದ್ರ, ನಾ ಯಾರ ಜೋಡಿ ಹೊಂದಿಕೊಳ್ಳಿ?" ಫಕ್ಕೀರಪ್ಪ ಚಹಾ ಮುಟ್ಟದೆ ಎದ್ದು ಹೋದ.

ಕಲ್ಲು ಬಂತು. ಎರಡು ತಿಂಗಳು ಬಯಲಿಗೆ ಯಾರನ್ನೂ ಬಿಡಲಿಲ್ಲ. ಕೆಲಸ ಮುಗಿದ ದಿನ ದೊಡ್ಡವ್ವ ಪಂಚೆ ಕಂಕುಳಲ್ಲಿ ಇಟ್ಟುಕೊಂಡು ಹೋದಳು, ಜೊತೆಗೆ ನಾನು. ಕಲ್ಲು ಎಷ್ಟು ನುಣುಪೆಂದರೆ ಬಗ್ಗಿದರೆ ನಮ್ಮ ಮುಖ ನಮಗೇ ಕಾಣುತ್ತಿತ್ತು. ಮೂರು ಗಂಟೆಯಾಯಿತು, ಮೂರೂವರೆಯಾಯಿತು. ದೊಡ್ಡವ್ವ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆದಳು. ಮೊಣಕಾಲೂರಿ ಕಲ್ಲನ್ನು ಅಂಗೈಯಿಂದ ಸವರಿದಳು.

"ಈರ್‍ಯಾ, ಸಾವಂತ್ರಿ ಎಲ್ಲದಾಳೋ?" ನನ್ನ ಕಡೆ ತಿರುಗಿ ಕೇಳಿದಳು.

ಕರಿಗಲ್ಲಿನ ಮೇಲೆ ನೆರಳೂ ಕಪ್ಪು, ಬಿಸಿಲೂ ಕಪ್ಪು. ಕಿಟಕಿಯಿಲ್ಲ, ಸರಳಿಲ್ಲ, ಬಾಗಿಲಿಲ್ಲ. ಬೆಂಕಿ ಅಳಿಸಲಾರದೆ ಉಳಿಸಿದ್ದನ್ನು ಇವರು ಒರೆಸಿ ಹಾಕಿದ್ದರು. ಬೇಕೆಂದೇ ಕರಿಗಲ್ಲು ಆರಿಸಿದರೋ, ಚೆಂದ ಕಾಣಲೆಂದು ಹಾಸಿದರೋ ನನಗೆ ತಿಳಿಯದು. ಅಲ್ಲೇ ನಿಂತಿದ್ದ ಮೇಡಂ ಮುಖ ನೋಡಿದರೆ ಅವರಿಗೂ ಆ ಯೋಚನೆ ಬಂದಿರಲಿಲ್ಲವೆಂದು ಕಾಣುತ್ತದೆ. ಆದರೆ ದೊಡ್ಡವ್ವ ಅಂಗೈಯಿಂದ ಮಗಳನ್ನು ಹುಡುಕಿದ್ದನ್ನು ಕಂಡ ಮೇಲೆ ಬಾಯಲ್ಲಿದ್ದ ಅವಲಕ್ಕಿಯನ್ನು ಅವತ್ತೇ ಉಗಿದೆ.

ಸಂಜೆ ದೊಡ್ಡವ್ವ ಮನೆಮನೆಗೆ ಹೋದಳು. ಯಾವ ಮನೆಯಲ್ಲೂ ಭಾಷಣ ಮಾಡಲಿಲ್ಲ. "ನಿಮ್ಮ ಕಿಟಕಿ ಕಾಣಸ್ತೈತೇನು, ಹೋಗಿ ನೋಡ್ಕೊಂಡ ಬರ್ರಿ," ಅನ್ನುವುದು, ಮುಂದಿನ ಮನೆಗೆ ನಡೆಯುವುದು. ಹುಸೇನ್‌ಬಿ ಹೋಗಿ ನೋಡಿದಳು. ಕಂಬದ ಮೇಲೆ ಅವ್ವನ ಹೆಸರು ಇತ್ತು, ಕೆಳಗೆ ಅವ್ವ ಇರಲಿಲ್ಲ. ತಿರುಗಿ ಬಂದವಳು ನೆಟ್ಟಗೆ ದೊಡ್ಡವ್ವನ ಮನೆಗೇ ಬಂದು, "ಏನ ಮಾಡೂಣು ಹೇಳ," ಎಂದಳು.

ಮಂತ್ರಿಗಳಿಗೆ ಬಿಡುವಿದ್ದದ್ದು ಬೆಂಕಿ ಬಿದ್ದ ದಿನವೇ, ಸಂಜೆ ನಾಲ್ಕಕ್ಕೆ. ವೇದಿಕೆ, ಬ್ಯಾಂಡು, ಬಂದೂಕು ಹಿಡಿದ ಸಾಲು, ಎಲ್ಲ ಸಿದ್ಧವಾಯಿತು. ಹುತಾತ್ಮರ ತಾಯಿಯಾಗಿ ನೀಲಗಂಗವ್ವ ನಾಲ್ಕು ಮಾತು ಆಡಬೇಕೆಂದು ಮೇಡಂ ಬರೆಸಿ ಬಾಯಿಪಾಠ ಮಾಡಿಸಿದ್ದರು. ದೊಡ್ಡವ್ವ ಒಂದಕ್ಷರ ತಪ್ಪದೆ ಒಪ್ಪಿಸಿ ಮೇಡಂಗೆ ಸಮಾಧಾನ ಮಾಡಿದ್ದಳು. ಹುತಾತ್ಮಳ ಪತಿಯಾಗಿ ಫಕ್ಕೀರಪ್ಪನಿಗೆ ಶಾಲು. ಹೆಂಗಸರ ಚೀಲಗಳನ್ನು ಪೊಲೀಸರು ಬಿಚ್ಚಿ ನೋಡಿದರು. ಪ್ರತಿ ಚೀಲದಲ್ಲೂ ಮಡಿಸಿದ ಬಿಳಿ ಪಂಚೆ.

"ಏನಿದು?"

"ಕಲ್ಲು ಕಾದೈತ್ರೀ ಸಾಹೇಬ್ರ, ಕುಂದ್ರಾಕ ಹಾಸ್ಕೊಳ್ಳಾಕ," ಎಂದಳು ಹುಸೇನ್‌ಬಿ.

ಮಂತ್ರಿಗಳು ಮಾತಾಡಿದರು. ವೀರವನಿತೆಯರು ತಮ್ಮ ಸೂಜಿಯಿಂದಲೇ ದೇಶವನ್ನು ಕಾಪಾಡಿದರಂತೆ. ಫಕ್ಕೀರಪ್ಪನಿಗೆ ಶಾಲು ಹೊದಿಸಿದರು, ಅವನು ತಲೆಯೆತ್ತದೆ ಹೊದಿಸಿಕೊಂಡ. ಆಮೇಲೆ ದೊಡ್ಡವ್ವ ಮೈಕಿನ ಮುಂದೆ ಬಂದಳು. ನಾನು ಅವಳ ಎತ್ತರಕ್ಕೆ ಮೈಕ್ ಇಳಿಸಿದೆ.

"ಇವತ್ತ ನಮ್ಮೂರಾಗ ಒಂದು ಪದ್ಧತಿ ಐತ್ರೀ," ಎಂದು ಅವಳು ಶುರುಮಾಡಿದಳು. ಮೇಡಂ ಬರೆಸಿದ್ದು ಇದಲ್ಲ. "ನೆನಪು ಇಷ್ಟ ದಿನಾ ನಮ್ಮದಿತ್ತು. ಈಗ ದೇಶದ್ದು ಅಂದ್ರಿ. ಆತು, ತಗೋರಿ. ನೆನಪು ನಿಮ್ಮದಾದ್ರ ಉತ್ತರಾನೂ ನಿಮ್ಮದ. ಮಂತ್ರಿ ಸಾಹೇಬ್ರ, ಕೀಲಿ ಯಾಕ ಹಾಕಿದ್ರಿ?"

ಮಂತ್ರಿಗಳು ಮೇಡಂ ಕಡೆ ನೋಡಿದರು. ಮೇಡಂ ನನ್ನ ಕಡೆ ನೋಡಿ ಮೈಕ್ ಆರಿಸೆಂದು ಬೆರಳು ತಿರುಗಿಸಿದರು. ನಾನು ಗುಂಡಿ ತಿರುಗಿಸಿದೆ, ಆದರೆ ಇನ್ನೊಂದು ಕಡೆಗೆ. ದೊಡ್ಡವ್ವನ ಉಸಿರು ಕೂಡ ಬಸ್‌ಸ್ಟ್ಯಾಂಡಿನ ತನಕ ಕೇಳತೊಡಗಿತು. ಮೇಡಂ ಬುದ್ಧಿವಂತರು, ಥಟ್ಟನೆ ಮುಂದೆ ಬಂದು ಘೋಷಿಸಿದರು: "ಈಗ ಅಗಲಿದ ಚೇತನಗಳಿಗಾಗಿ ಎರಡು ನಿಮಿಷ ಮೌನ!"

ಕಹಳೆ ಊದಿತು. ಬಂದೂಕುಗಳು ಕೆಳಮುಖವಾದವು. ಮಂತ್ರಿಯೂ ಪೊಲೀಸರೂ ಪೇಪರಿನವರೂ ಕಂಬದ ಹಾಗೆ ನಿಂತರು. ಆಗ ಹೆಂಗಸರು ಎದ್ದರು. ಚೀಲದಿಂದ ಪಂಚೆ ತೆಗೆದು, ಕೊಡವಿ, ಕರಿಗಲ್ಲಿನ ಮೇಲೆ ಒಂದರ ಪಕ್ಕ ಒಂದು ಹಾಸತೊಡಗಿದರು. ಯಾರು ತಡೆಯಬೇಕು? ಕೂಗುವಂತಿಲ್ಲ, ಅಲುಗಾಡುವಂತಿಲ್ಲ, ರಾಷ್ಟ್ರೀಯ ಮೌನ. ಪೊಲೀಸ್ ಫೌಜುದಾರರೊಬ್ಬರು ಕಣ್ಣಲ್ಲೇ ಗದರಿಸಿದರು. ಹುಸೇನ್‌ಬಿ ಅವರ ಬೂಟಿನ ಕೆಳಗೇ ಪಂಚೆಯ ತುದಿ ತುರುಕಿದಳು. ಎರಡು ನಿಮಿಷ ಮುಗಿಯುವಷ್ಟರಲ್ಲಿ ಬಯಲು ಬಿಳಿಯಾಗಿತ್ತು, ಬಿಳಿಯ ಮೇಲೆ ಗಿರಣಿ ಬಿದ್ದಿತ್ತು. ಇಪ್ಪತ್ತನಾಲ್ಕು ಕಿಟಕಿ, ಸರಳು, ಮುಚ್ಚಿದ ಬಾಗಿಲು, ಬಾಗಿಲ ನಡುವೆ ಆ ಕರಿಯ ಗಂಟು. ಸರಿಯಾಗಿ ಮಂತ್ರಿಗಳ ಎದುರಿಗೆ. ತಲೆ ತಗ್ಗಿಸಿ ನಿಂತಿದ್ದರಲ್ಲ, ನೋಡದೆ ಬೇರೆ ದಾರಿಯಿರಲಿಲ್ಲ.

ಕಹಳೆ ಮತ್ತೆ ಊದಿತು. ದೊಡ್ಡವ್ವ ಮೈಕ್ ಬಿಟ್ಟು ಕದಲಿರಲಿಲ್ಲ.

"ಆತೇನ್ರೀ ನಿಮ್ಮ ಮೌನ? ಈಗ ಹೇಳ್ರಿ. ಕೀಲಿ ಯಾಕ ಹಾಕಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಮಂತ್ರಿಗಳು, "ಅದು ನಮ್ಮ ಅವಧಿಯಲ್ಲಿ ಆದದ್ದಲ್ಲ," ಎಂದುಬಿಟ್ಟರು. ನನ್ನ ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು. ತಪ್ಪು ಗೊತ್ತಾಗಿ, "ಪರಿಶೀಲಿಸುತ್ತೇವೆ," ಎಂದು ಸೇರಿಸಿದರು.

"ಅದು ಉತ್ತರಾ ಅಲ್ರೀ," ಎಂದಳು ದೊಡ್ಡವ್ವ. "ಕೀಲಿ ಹಾಕಿದಾವ ನಿಮ್ಮ ಬಾಜೂಕ ಅದಾನ, ಶಾಲು ಹೊದಸೀರಿ. ಅವನ್ನ ನಾವು ನೋಡ್ಕೊಂಡೀವಿ. ಅವ ಒಂದ ವರ್ಷಾನೂ ಓಡಿ ಹೋಗಿಲ್ಲ. ಹಾಕು ಅಂದ್ರು, ಹಾಕಿದ್ನಿ ಅಂತಾನ. ಅಂದವ್ರು ಯಾರು? ಅಂದವ್ರಿಗೆ ಶನಿವಾರದೊಳಗ ಅಂಗಿ ಬೇಕು ಅಂತ ತಂತಿ ಕಳಿಸಿದವ್ರು ಯಾರು? ಅದನ್ನ ಬರೀರಿ ಕಲ್ಲಿನ ಮ್ಯಾಲೆ. ಬರಿಯೂ ತನಕ ನಾವು ದಿನಾ ಬರ್ತೀವಿ, ದಿನಾ ಹಾಸ್ತೀವಿ. ಎಷ್ಟ ದಿನಾ ಎತ್ತತೀರಿ, ಎತ್ರಿ."

ಅವಳು ಸರಿದಳು. ಹಿಂದೆ ಹುಸೇನ್‌ಬಿ ನಿಂತಿದ್ದಳು, ಅವಳ ಹಿಂದೆ ಸಾಲು. "ಕೀಲಿ ಯಾಕ ಹಾಕಿದ್ರಿ?" ಮೂರನೆಯ ಮನೆಯವರು ಕೇಳುವಷ್ಟರಲ್ಲಿ ಮಂತ್ರಿಗಳು ಎದ್ದು ವೇದಿಕೆಯ ಹಿಂಬದಿಯಿಂದ ಇಳಿದರು, ಕಾರು ಹೊರಟಿತು. ಉಳಿದವರು ಖಾಲಿ ಕುರ್ಚಿಯನ್ನೇ ಕೇಳಿದರು. ಮೇಡಂ ಮಾತ್ರ ಹೋಗಲಿಲ್ಲ. ಕೈಯಲ್ಲಿದ್ದ ಕಾಗದ ಮುದುರಿಕೊಂಡು, ಪ್ರತಿಯೊಂದು ಮನೆಯವರ ಪ್ರಶ್ನೆಯನ್ನೂ ಎದುರಿಗೆ ನಿಂತು ಕೇಳಿಸಿಕೊಂಡರು.

ಆ ಹೊತ್ತಿಗೆ ಗಾಳಿ ಎದ್ದಿತು. ನುಣುಪು ಕಲ್ಲಲ್ಲವೇ, ಪಂಚೆಗಳು ನಿಲ್ಲದೆ ಜಾರತೊಡಗಿದವು. ಹೆಂಗಸರು ತುದಿಗಳ ಮೇಲೆ ಕೂತರು, ಮಕ್ಕಳನ್ನು ಕೂರಿಸಿದರು, ಚಪ್ಪಲಿ ಇಟ್ಟರು. ಬಾಗಿಲಿನ ನೆರಳು ಬಿದ್ದಿದ್ದ ಪಂಚೆಯ ಮೇಲೆ ಯಾರೂ ಕೂತಿರಲಿಲ್ಲ, ಅದು ಹಡಗಿನ ಪಟದಂತೆ ಉಬ್ಬಿ ಏಳುತ್ತಿತ್ತು. ಫಕ್ಕೀರಪ್ಪ ವೇದಿಕೆಯಿಂದ ಒಂದೊಂದೇ ಮೆಟ್ಟಿಲು ಇಳಿದ. ನಾನು ಕೈ ಕೊಡಲು ಹೋದರೆ ಬೇಡವೆಂದ. ಶಾಲನ್ನು ತೆಗೆದು ಕೆಳಗಿನ ಮೆಟ್ಟಿಲಿನ ಮೇಲೆ ಮಡಿಸಿಟ್ಟ. ಊದಿದ ಕಾಲೆಳೆಯುತ್ತ ಪಂಚೆಯ ತನಕ ಬಂದು, ಇಡೀ ಊರು ನೋಡುತ್ತಿದ್ದಂತೆ, ಅದರ ಮೇಲೆ ಕುಸಿದು ಕೂತ. ಪಂಚೆ ನಿಂತಿತು.

ದೊಡ್ಡವ್ವ ಹತ್ತಿರ ಹೋಗಿ ನಿಂತಳು. ಅವಳು ಅವನ ತಲೆ ಸವರುತ್ತಾಳೋ, ಕಪಾಳಕ್ಕೆ ಹೊಡೆಯುತ್ತಾಳೋ ನನಗೆ ಗೊತ್ತಾಗಲಿಲ್ಲ.

"ಸ್ವಲ್ಪ ಸರಕೊಂಡ ಕುಂದ್ರಪಾ ಫಕ್ಕೀರಾ," ಎಂದಳು. "ಕೀಲಿ ಕಾಣವಲ್ದು."

ಫಕ್ಕೀರಪ್ಪ ಸರಿದು ಕೂತ.